ಹೊಲಕ್ಕೆ ಇಂಧನ ಒಯ್ಯುವಾಗ ವಹಿಸಬೇಕಾದ ಎಚ್ಚರಿಕೆ

ಎತ್ತಿನ ಬೇಸಾಯದಲ್ಲಿ ಬುತ್ತಿ, ನೀರು ಮತ್ತು ಒಂದು ಹೊರೆ ಮೇವು ಹೊಲಕ್ಕೆ ಹೋದರೆ ಆ ದಿನದ ಕೆಲಸಕ್ಕೆ ಸಾಕಾಗುತ್ತಿತ್ತು. ಈಗ ಟ್ರಾಕ್ಟರ್, ಪವರ್ ಟಿಲ್ಲರ್, ಒಕ್ಕಣೆ ಯಂತ್ರ, ಕಳೆ ಕತ್ತರಿಸುವ ಯಂತ್ರ ಮತ್ತು ಔಷಧಿ ಸಿಂಪರಣಾ ಯಂತ್ರಗಳು ಹೊಲ ತೋಟಗಳಿಗೆ ಬಂದಿವೆ. ಇವುಗಳಿಗೆ ಬೇಕಾದ ಡೀಸೆಲ್ ಮತ್ತು ಪೆಟ್ರೋಲ್ ಸಹ ಊರಿನಿಂದ ಹೊಲಕ್ಕೆ ಹೋಗಲೇಬೇಕು. ಬಯಲುಸೀಮೆಯಲ್ಲಿ ಬಂಡಿ ಜಾಡಿನ ಮೇಲೆ ಟ್ರಾಕ್ಟರಿನಲ್ಲಿ, ಮಲೆನಾಡಿನ ಕಾಫಿ ಅಡಿಕೆ ತೋಟಗಳ ಕಡಿದಾದ ದಾರಿಯಲ್ಲಿ ಜೀಪಿನಲ್ಲಿ, ಎಲ್ಲೆಡೆಯೂ ಮೊಪೆಡ್ ಮತ್ತು ಮೋಟಾರ್ ಸೈಕಲ್ಲಿನ ಮೇಲೆ ಈ ಸಾಗಣೆ ನಡೆದಿದೆ.

ಕೀಟನಾಶಕದ ವಿಷಯದಲ್ಲಿ ನಮ್ಮ ರೈತರು ಸಾಕಷ್ಟು ಎಚ್ಚರಿಕೆಯನ್ನು ಕಲಿತಿದ್ದಾರೆ. ಇಂಧನದ ವಿಷಯದಲ್ಲಿ ಅಷ್ಟು ಎಚ್ಚರಿಕೆ ಕಾಣುವುದಿಲ್ಲ. ನೀರಿನ ಬಾಟಲಿಯಲ್ಲಿ ಪೆಟ್ರೋಲ್, ಬಿರಡೆ ಸಡಿಲವಾದ ಹಳೆಯ ಡಬ್ಬದಲ್ಲಿ ಡೀಸೆಲ್, ಅದರ ಪಕ್ಕದಲ್ಲೇ ಬುತ್ತಿಗಂಟು, ಅದರ ಮೇಲೆ ಕುಳಿತ ಆಳುಗಳು ಇವೆಲ್ಲ ಸಾಮಾನ್ಯ ನೋಟಗಳು. ಬಂಕಿನಿಂದ ಎಣ್ಣೆ ತರಲು ಮನೆಯ ಕಿರಿಯ ಹುಡುಗನನ್ನೇ ಕಳುಹಿಸುವ ವಾಡಿಕೆಯೂ ಇದೆ. ಹೀಗಾಗಿ ಅಪಾಯ ಬಂದಾಗ ಅದು ಮೊದಲು ತಟ್ಟುವುದು ಅದರ ಬಗ್ಗೆ ಏನೂ ತಿಳಿಯದವನಿಗೆ. ಇಂಧನವನ್ನು ಸುರಕ್ಷಿತವಾಗಿ ಒಯ್ಯಲು ಹೆಚ್ಚು ಖರ್ಚೇನೂ ಇಲ್ಲ. ಆದರೆ ಅದಕ್ಕೆ ಬೆಂಕಿ ಹೇಗೆ ಹತ್ತುತ್ತದೆ ಎಂಬುದನ್ನು ಅರಿತಿರಬೇಕು.

ಉರಿಯುವುದು ಆವಿ

ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಅದರಿಂದ ಏಳುವ ಆವಿ ಗಾಳಿಯೊಡನೆ ಬೆರೆತಾಗ ಉರಿಯುತ್ತದೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಸುಮಾರು ಶೇ. 1.4 ರಿಂದ 7.6 ರವರೆಗೆ ಇದ್ದಾಗ ಒಂದು ಸಣ್ಣ ಕಿಡಿ ಸಾಕು. ಅದಕ್ಕಿಂತ ಕಡಿಮೆಯಾದರೆ ಆವಿ ಸಾಲದು, ಹೆಚ್ಚಾದರೆ ಗಾಳಿ ಸಾಲದು.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿಯನ್ನು ಬಿಡುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಆದುದರಿಂದ ತೆರೆದ ಪೆಟ್ರೋಲ್ ಹಗಲು ರಾತ್ರಿ, ಬೇಸಿಗೆ ಮಳೆಗಾಲ ಎನ್ನದೆ ಸದಾ ಅಪಾಯಕಾರಿ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಡಬ್ಬ ಇಲ್ಲಿ, ಒಲೆ ಅಲ್ಲಿ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಣ್ಣಿಗೆ ಕಾಣದ ಆವಿ ನೆಲದ ಮೇಲೆ ಹತ್ತಾರು ಅಡಿ ಸಾಗಿ ಒಲೆಯನ್ನು ಮುಟ್ಟಿದರೆ ಬೆಂಕಿ ಅದೇ ಜಾಡಿನಲ್ಲಿ ಡಬ್ಬಕ್ಕೆ ಹಿಂದಿರುಗುತ್ತದೆ.

ಡೀಸೆಲ್ ಇಷ್ಟು ಚುರುಕಲ್ಲ. ಭಾರತೀಯ ಮಾನಕದ ಪ್ರಕಾರ ಅದರ ಜ್ವಲನಬಿಂದು, ಎಂದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಉಷ್ಣತೆ, 35 ಡಿಗ್ರಿಗಿಂತ ಕಡಿಮೆ ಇರಕೂಡದು. ಇದರಿಂದ ಡೀಸೆಲ್ ನಿರಪಾಯಕಾರಿ ಎಂದು ತಿಳಿಯಬಾರದು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ನಿಂತ ತಗಡಿನ ಡಬ್ಬ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕಿಡಿಯಿಲ್ಲದೆ, ಕೇವಲ ಕಾದ ಲೋಹದ ತಾಗುವಿಕೆಯಿಂದ ಹೊತ್ತಿಕೊಳ್ಳುವ ವಿಷಯದಲ್ಲಿ ಡೀಸೆಲ್ ಪೆಟ್ರೋಲಿಗಿಂತ ಮುಂದೆ. ಪೆಟ್ರೋಲಿಗೆ ಸುಮಾರು 250 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕಾದರೆ ಡೀಸೆಲ್ ಅದಕ್ಕಿಂತ ಕಡಿಮೆ ಶಾಖದಲ್ಲೇ ಹೊತ್ತಿಕೊಳ್ಳಬಲ್ಲದು. ಉಳುಮೆ ಮಾಡುತ್ತಿರುವ ಟ್ರಾಕ್ಟರಿನ ಸೈಲೆನ್ಸರ್ ಇಷ್ಟು ಬಿಸಿಯಾಗುವುದು ಸಹಜ.

ಖಾಲಿ ಡಬ್ಬದ ಅಪಾಯ

ತುಂಬಿದ ಡಬ್ಬಕ್ಕೆ ಹೆದರುವವರೂ ಖಾಲಿ ಡಬ್ಬಕ್ಕೆ ಹೆದರುವುದಿಲ್ಲ. ವಾಸ್ತವದಲ್ಲಿ ಖಾಲಿ ಡಬ್ಬವೇ ಹೆಚ್ಚು ಅಪಾಯಕಾರಿ. ಲೆಕ್ಕ ಹೀಗಿದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 200 ಲೀಟರಿನಷ್ಟು ಆವಿಯಾಗುತ್ತದೆ. ಒಂದು ಟೀ ಚಮಚ, ಎಂದರೆ 5 ಮಿಲಿಲೀಟರ್ ಪೆಟ್ರೋಲಿನಿಂದ ಸುಮಾರು ಒಂದು ಲೀಟರ್ ಆವಿ ದೊರೆಯುತ್ತದೆ. ಇಪ್ಪತ್ತು ಲೀಟರಿನ ಡಬ್ಬದಲ್ಲಿ ಒಂದು ಲೀಟರ್ ಆವಿ ಇದ್ದರೆ ಅದು ಶೇ. 5 ಆಯಿತು. ಸ್ಫೋಟಕ್ಕೆ ಇದು ತಕ್ಕ ಪ್ರಮಾಣ. ಬಗ್ಗಿಸಿ ಪೂರ್ತಿ ಸುರಿದೆವು ಎಂದುಕೊಂಡ ಡಬ್ಬದ ತಳದಲ್ಲಿ ಒಂದು ಚಮಚ ಉಳಿದೇ ಇರುತ್ತದೆ. ತುಂಬಿದ ಡಬ್ಬದಲ್ಲಿಯಾದರೋ ದ್ರವದ ಮೇಲಿನ ಅಲ್ಪ ಜಾಗದಲ್ಲಿ ಆವಿ ದಟ್ಟವಾಗಿದ್ದು ಗಾಳಿ ಕಡಿಮೆ ಇರುತ್ತದೆ.

ಹಳೆಯ 200 ಲೀಟರಿನ ಪೀಪಾಯಿಯನ್ನು ಕತ್ತರಿಸಿ ದನಗಳಿಗೆ ನೀರಿನ ತೊಟ್ಟಿ ಮಾಡಿಸುವುದು ಹಳ್ಳಿಗಳಲ್ಲಿ ಉಂಟು. ಪೆಟ್ರೋಲ್ ಅಥವಾ ಡೀಸೆಲ್ ಇದ್ದ ಪೀಪಾಯಿಗೆ ವೆಲ್ಡಿಂಗ್ ಅಥವಾ ಗ್ಯಾಸ್ ಕಟ್ಟರಿನ ಜ್ವಾಲೆ ತಾಗಿಸಿದರೆ ಅದು ಬಾಂಬಿನಂತೆ ಸಿಡಿದು ಎದುರಿಗಿದ್ದವನನ್ನು ಕೊಲ್ಲಬಹುದು. ತಂಪಾಗಿದ್ದಾಗ ಡೀಸೆಲ್ ಆವಿ ಕಡಿಮೆಯಾದರೂ ವೆಲ್ಡಿಂಗಿನ ಶಾಖವೇ ಆವಿಯನ್ನು ಎಬ್ಬಿಸುತ್ತದೆ. ಇಂಧನ ತುಂಬಿದ್ದ ಡಬ್ಬ ಅಥವಾ ಪೀಪಾಯಿಯನ್ನು ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಲೇಬಾರದು. ತೂತಾದ ಡಬ್ಬವನ್ನು ಬೆಸುಗೆ ಹಾಕಿಸುವ ಬದಲು ಎಸೆಯುವುದೇ ಲೇಸು.

ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕಿರಿ

ಒಯ್ಯದ ಇಂಧನದಿಂದ ಅಪಾಯವಿಲ್ಲ. ಆದುದರಿಂದ ಹೆಚ್ಚುವರಿ ಇಂಧನ ನಿಜವಾಗಿಯೂ ಬೇಕೇ ಎಂಬುದನ್ನು ಮೊದಲು ನೋಡಬೇಕು. 40 ಅಶ್ವಶಕ್ತಿಯ ಟ್ರಾಕ್ಟರ್ ಉಳುಮೆಯಲ್ಲಿ ಗಂಟೆಗೆ ಸುಮಾರು 4 ರಿಂದ 6 ಲೀಟರ್ ಡೀಸೆಲ್ ಬಳಸುತ್ತದೆ. ಅದರ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 45 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಹೊರಟರೆ ಒಂದು ದಿನದ ಉಳುಮೆಗೆ ಬಹುಮಟ್ಟಿಗೆ ಸಾಕಾಗುತ್ತದೆ. ಬೆನ್ನಿಗೆ ಕಟ್ಟುವ ಅಥವಾ ಹೆಗಲಿಗೆ ಹಾಕುವ ಕಳೆ ಕತ್ತರಿಸುವ ಯಂತ್ರಕ್ಕೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಪೆಟ್ರೋಲ್ ಸಾಕು. ನಾಲ್ಕೈದು ಗಂಟೆಯ ಕೆಲಸಕ್ಕೆ 5 ಲೀಟರಿನ ಡಬ್ಬ ಧಾರಾಳವಾಯಿತು, 20 ಲೀಟರ್ ಹೊತ್ತೊಯ್ಯುವ ಅವಶ್ಯಕತೆ ಇಲ್ಲ.

ಡೀಸೆಲ್ ಟ್ಯಾಂಕ್ ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಕೊಳವೆಗಳಲ್ಲಿ ಗಾಳಿ ಸೇರಿ ಎಂಜಿನ್ ಮತ್ತೆ ಚಾಲೂ ಆಗುವುದಿಲ್ಲ, ಗಾಳಿ ತೆಗೆಯಬೇಕಾಗುತ್ತದೆ. ಈ ಭಯದಿಂದಲೇ ಅನೇಕರು ಸದಾ ಒಂದು ಡಬ್ಬ ಡೀಸೆಲನ್ನು ಟ್ರಾಕ್ಟರಿನ ಮೇಲೆ ಇಟ್ಟುಕೊಂಡಿರುತ್ತಾರೆ. ಟ್ಯಾಂಕ್ ಕಾಲುಭಾಗಕ್ಕೆ ಬಂದಾಗಲೇ ತುಂಬಿಸುವ ಅಭ್ಯಾಸವಿದ್ದರೆ ಆ ಡಬ್ಬದ ಅವಶ್ಯಕತೆಯೇ ಬೀಳುವುದಿಲ್ಲ.

ಡಬ್ಬ ಹೇಗಿರಬೇಕು

1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಪೆಟ್ರೋಲನ್ನು ‘ಎ’ ವರ್ಗಕ್ಕೂ ಡೀಸೆಲನ್ನು ‘ಬಿ’ ವರ್ಗಕ್ಕೂ ಸೇರಿಸಲಾಗಿದೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾದರೆ 30 ಲೀಟರ್ ಮೀರದಷ್ಟು ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಭದ್ರವಾದ ಬಿರಡೆಯುಳ್ಳ ಗಾಜು, ಪಿಂಗಾಣಿಯಂಥ ಗಟ್ಟಿ ಮಣ್ಣು ಅಥವಾ ಲೋಹದ ಪಾತ್ರೆಯಲ್ಲಿ ಇರಬೇಕು. ಗಾಜಿನದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಗಾಜು ಒಡೆಯುವ ವಸ್ತುವಾದ್ದರಿಂದ ಹೊಲದ ದಾರಿಗೆ ಲೋಹದ ಡಬ್ಬವೊಂದೇ ಯೋಗ್ಯ.

ಜೆರ್ರಿ ಕ್ಯಾನ್ ಎಂದು ನಾವು ಕರೆಯುವ 20 ಲೀಟರಿನ ಡಬ್ಬ ಹುಟ್ಟಿದ್ದು ಇಂಥದೇ ಕೆಟ್ಟ ದಾರಿಗಳಿಗಾಗಿ. 1930ರ ದಶಕದಲ್ಲಿ ಜರ್ಮನಿಯ ಸೈನ್ಯಕ್ಕಾಗಿ ಇದನ್ನು ರೂಪಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷರು ಬಳಸುತ್ತಿದ್ದ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಗಳು ಕುಲುಕಾಟಕ್ಕೆ ಬೆಸುಗೆ ಬಿಟ್ಟು ಸೋರಿ, ಸಾಕಷ್ಟು ಪೆಟ್ರೋಲ್ ದಾರಿಯಲ್ಲೇ ನಷ್ಟವಾಗುತ್ತಿತ್ತು. ಕೈಗೆ ಸಿಕ್ಕ ಜರ್ಮನ್ ಡಬ್ಬಗಳನ್ನು ಅವರು ಜೋಪಾನವಾಗಿ ಬಳಸಿ, ಮುಂದೆ ಅದೇ ಮಾದರಿಯಲ್ಲಿ ತಾವೂ ತಯಾರಿಸಿದರು. ಬ್ರಿಟಿಷ್ ಸೈನಿಕರು ಜರ್ಮನರನ್ನು ಕರೆಯುತ್ತಿದ್ದ ‘ಜೆರ್ರಿ’ ಎಂಬ ಅಡ್ಡಹೆಸರೇ ಡಬ್ಬಕ್ಕೂ ಉಳಿಯಿತು. ಇದರ ಪಕ್ಕದ ಉಬ್ಬುತಗ್ಗುಗಳು ತಗಡಿಗೆ ಬಲ ಕೊಡುವುದಲ್ಲದೆ, ಒಳಗಿನ ಇಂಧನ ಹಿಗ್ಗಿದಾಗ ಅದಕ್ಕೆ ಎಡೆ ಮಾಡಿಕೊಡುತ್ತವೆ. ಮೂರು ಹಿಡಿಕೆಗಳಿರುವುದರಿಂದ ಒಬ್ಬನೂ ಎತ್ತಬಹುದು, ಇಬ್ಬರೂ ಹಿಡಿದು ಸಾಗಿಸಬಹುದು. ಸನ್ನೆಯಂತೆ ಒತ್ತಿ ಕೂರುವ ಮುಚ್ಚಳ ಕುಲುಕಿದರೂ ಬಿಚ್ಚುವುದಿಲ್ಲ. ಡಬ್ಬ ಕೊಳ್ಳುವಾಗ ಈ ಗುಣಗಳನ್ನೇ ನೋಡಿ ಕೊಳ್ಳಬೇಕು: ದಪ್ಪ ತಗಡು, ಬಿಗಿಯಾದ ಮುಚ್ಚಳ, ಹಾಳಾಗದ ರಬ್ಬರ್ ವಾಷರ್.

ಡೀಸೆಲಿಗೆ ದಪ್ಪವಾದ, ಸೀಳಿಲ್ಲದ ಪ್ಲಾಸ್ಟಿಕ್ ಕ್ಯಾನನ್ನು ಬಳಸುವವರಿದ್ದಾರೆ. ಅದಕ್ಕೂ ಲೋಹದ ಡಬ್ಬವೇ ಮೇಲು. ಯಾವುದೇ ಆಗಲಿ, ಒಂದು ಡಬ್ಬ ಒಂದೇ ಇಂಧನಕ್ಕೆ ಮೀಸಲಾಗಿರಬೇಕು. ಪೆಟ್ರೋಲ್ ಇದ್ದ ಡಬ್ಬಕ್ಕೆ ಡೀಸೆಲ್ ಸುರಿಯುವುದು ವಿಶೇಷವಾಗಿ ಅಪಾಯಕರ. ಪೆಟ್ರೋಲಿನ ಉಳಿದ ಆವಿ, ಡೀಸೆಲ್ ಸುರಿಯುವಾಗ ಹುಟ್ಟುವ ವಿದ್ಯುತ್ ಕಿಡಿ ಎರಡೂ ಒಂದೇ ಕಡೆ ಸೇರುತ್ತವೆ. ಪೆಟ್ರೋಲ್ ಡಬ್ಬಕ್ಕೆ ಕೆಂಪು ಬಣ್ಣ ಬಳಿದು, ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಯಿಸಬೇಕು. ಕೀಟನಾಶಕದ ಹಳೆಯ ಡಬ್ಬವನ್ನಾಗಲಿ, ತಂಪು ಪಾನೀಯದ ಬಾಟಲಿಯನ್ನಾಗಲಿ ಇಂಧನಕ್ಕೆ ಬಳಸಕೂಡದು. ಬಾಯಾರಿದ ಮಗು ಬಾಟಲಿಯನ್ನು ನೋಡುತ್ತದೆಯೇ ಹೊರತು ಒಳಗಿನ ದ್ರವವನ್ನಲ್ಲ.

ತುಂಬಿಸುವ ಕ್ರಮ

ಇಂಧನ ಕೊಳವೆಯಲ್ಲಿ ಹರಿಯುವಾಗ ಸ್ಥಿರ ವಿದ್ಯುತ್ ಉಂಟಾಗುತ್ತದೆ. ಡಬ್ಬ ನೆಲದ ಮೇಲಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಡಬ್ಬ ವಾಹನದ ಮೇಲೆ, ಅದರಲ್ಲೂ ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಸಿನ ಮೇಲೆ ಇದ್ದರೆ ವಿದ್ಯುತ್ತಿಗೆ ಇಳಿಯಲು ದಾರಿಯಿಲ್ಲದೆ, ಕಿಡಿಯಾಗಿ ಹಾರುತ್ತದೆ. ಪಿಕಪ್ ವಾಹನಗಳ ಪ್ಲಾಸ್ಟಿಕ್ ಹಾಸಿನ ಮೇಲೆ ಡಬ್ಬವಿಟ್ಟು ಪೆಟ್ರೋಲ್ ತುಂಬಿಸುವಾಗ ಹೀಗೆ ಬೆಂಕಿ ಹತ್ತಿದ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1998ರಲ್ಲಿ ಎಚ್ಚರಿಕೆ ಪ್ರಕಟಿಸಿತು. ನಮ್ಮಲ್ಲಿ ಟ್ರಾಲಿಯ ಮೇಲೆ ಅಥವಾ ಮೊಪೆಡ್ಡಿನ ಮೇಲೆ ಡಬ್ಬವಿಟ್ಟೇ ತುಂಬಿಸಿಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ,

1. ಡಬ್ಬವನ್ನು ಕೆಳಗಿಳಿಸಿ ನೆಲದ ಮೇಲಿಟ್ಟು ತುಂಬಿಸಬೇಕು.
2. ಬಂಕಿನ ಕೊಳವೆಯ ತುದಿ ಡಬ್ಬದ ಬಾಯಿಗೆ ತಾಗಿರಬೇಕು. ಮೇಲಿನಿಂದ ಧಾರೆಯಾಗಿ ಸುರಿಯಬಾರದು.
3. ಡಬ್ಬವನ್ನು ಕಂಠಪೂರ್ತಿ ತುಂಬಿಸಬಾರದು. 20 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹತ್ತರಲ್ಲಿ ಒಂದು ಪಾಲು ಜಾಗ ಖಾಲಿ ಬಿಡುವುದು ಸೂಕ್ತ.
4. ಹೊರಗೆ ಚೆಲ್ಲಿದ್ದನ್ನು ಒರೆಸಿ, ಆರಿದ ನಂತರ ವಾಹನದ ಮೇಲೆ ಇಡಬೇಕು.

ಒಯ್ಯುವ ಕ್ರಮ

20 ಲೀಟರ್ ಡೀಸೆಲಿನ ತೂಕ ಡಬ್ಬವೂ ಸೇರಿ 20 ಕಿಲೋಗ್ರಾಂ ಆಗುತ್ತದೆ. ಬಂಡಿ ಜಾಡಿನಲ್ಲಿ ಇಷ್ಟು ಭಾರ ಕಟ್ಟಿಲ್ಲದೆ ನಿಲ್ಲುವುದಿಲ್ಲ. ಅದು ಉರುಳಿದರೆ ಮುಚ್ಚಳ ಸಡಿಲಗೊಳ್ಳುತ್ತದೆ. ಉರುಳದಿದ್ದರೂ ಒಂದೇ ಬೋಲ್ಟಿನ ತಲೆಗೆ ದಿನವಿಡೀ ಉಜ್ಜಿ ತೂತು ಬೀಳಬಹುದು. ಆದುದರಿಂದ ಅಡಿಗೆ ಮಡಿಚಿದ ಗೋಣಿಚೀಲ ಹಾಕಿ, ಬಾಯಿ ಮೇಲಾಗುವಂತೆ ನಿಲ್ಲಿಸಿ, ಎರಡು ಸುತ್ತು ಹಗ್ಗದಿಂದ ಬಿಗಿಯಬೇಕು. ಒಂದೆರಡು ಮೈಲಿ ಹೋದ ಮೇಲೆ ನಿಲ್ಲಿಸಿ ಕಟ್ಟನ್ನೂ ಮುಚ್ಚಳವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಟ್ರಾಲಿಯಲ್ಲಾದರೆ ಮುಂಭಾಗದ ಹಲಗೆಗೆ ಒರಗಿಸಿ ಕಟ್ಟುವುದು ಯೋಗ್ಯ. ಹಿಂಬದಿಗೆ ನೇತುಹಾಕಿದರೆ ಹಿಂದಿನಿಂದ ಬರುವ ವಾಹನ ಗುದ್ದಿದಾಗ ಮೊದಲು ಒಡೆಯುವುದು ಅದೇ. ಸೈಲೆನ್ಸರ್, ಬ್ಯಾಟರಿ, ಚಾಲಕನ ಕಾಲಿನ ಬಳಿ, ಮಡ್‌ಗಾರ್ಡ್ ಇವೆಲ್ಲ ನಿಷಿದ್ಧ ಜಾಗಗಳು. ಜೀಪಿನ ಒಳಗೆ ಜನರ ಜೊತೆಯಲ್ಲಿ ಪೆಟ್ರೋಲ್ ಇಡಬಾರದು, ಮುಚ್ಚಿದ ಜಾಗದಲ್ಲಿ ಆವಿ ತುಂಬಿಕೊಳ್ಳುತ್ತದೆ. ಆಳುಗಳು ಕುಳಿತ ಟ್ರಾಲಿಯಲ್ಲಿ ಇಂಧನ ಒಯ್ಯುವುದನ್ನು ನಿಲ್ಲಿಸಲೇಬೇಕು. ಬೀಡಿ ಸೇದುವವರು ಅವರಲ್ಲಿ ಒಬ್ಬರಾದರೂ ಇರುತ್ತಾರೆ. ಬಿತ್ತನೆ ಬೀಜ, ಬುತ್ತಿ ಮತ್ತು ಪಶು ಆಹಾರವನ್ನು ದೂರವಿಡಬೇಕು. ಪೊಟ್ಯಾಸಿಯಂ ನೈಟ್ರೇಟ್, ಕ್ಯಾಲ್ಸಿಯಂ ನೈಟ್ರೇಟ್‌ನಂಥ ಗೊಬ್ಬರಗಳ ಮೇಲೆ ಮತ್ತು ಬ್ಲೀಚಿಂಗ್ ಪುಡಿಯ ಮೇಲೆ ಇಂಧನ ಚೆಲ್ಲದಂತೆ ನೋಡಿಕೊಳ್ಳಬೇಕು. ಇವು ಬೆಂಕಿಗೆ ಆಮ್ಲಜನಕ ಒದಗಿಸುವ ವಸ್ತುಗಳು.

ಹೊಲದಲ್ಲಿ ಬಳಸುವಾಗ

ಹೊಲ ತಲುಪಿದ ಕೂಡಲೆ ಡಬ್ಬವನ್ನು ಇಳಿಸಿ, ಮರದ ನೆರಳಿನಲ್ಲಿ, ಕಣ ಮತ್ತು ಹುಲ್ಲಿನ ಬಣವೆಯಿಂದ ದೂರ ಇಡಬೇಕು. ಬಾವಿ ಅಥವಾ ಕೊಳವೆ ಬಾವಿಯ ಬಳಿ ಇಡಬಾರದು. ಚೆಲ್ಲಿದ ಎಣ್ಣೆ ನೀರಿಗೆ ಇಳಿದರೆ ಆ ನೀರು ಕುಡಿಯಲು ಬರುವುದಿಲ್ಲ. ಕಾದ ಡಬ್ಬದ ಮುಚ್ಚಳವನ್ನು ಒಮ್ಮೆಲೇ ತೆರೆಯದೆ, ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಧಾನವಾಗಿ ಸಡಿಲಿಸಬೇಕು.

ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಇಂಧನ ಹಾಕಬೇಕು. ಬುತ್ತಿ ಬಿಚ್ಚುವ ಹೊತ್ತನ್ನೇ ಇದಕ್ಕೆ ಬಳಸಿಕೊಂಡರೆ ಕೆಲಸ ಕೆಡುವುದಿಲ್ಲ. ಕಳೆ ಕತ್ತರಿಸುವ ಯಂತ್ರವನ್ನು ಹೆಗಲಿನಿಂದ ಇಳಿಸದೆ ಪೆಟ್ರೋಲ್ ಹಾಕಿಸಿಕೊಳ್ಳುವುದು ಅತ್ಯಂತ ಅಪಾಯಕರ, ಚೆಲ್ಲಿದ್ದು ನೇರವಾಗಿ ಬಟ್ಟೆಗೆ ಇಳಿಯುತ್ತದೆ. ಸುರಿಯಲು ಜಾಲರಿ ಇರುವ ಲಾಳಿಕೆಯನ್ನು ಬಳಸಬೇಕು. ಇಂಧನ ಹಾಕಿದ ಜಾಗದಲ್ಲೇ ಎಂಜಿನ್ ಚಾಲೂ ಮಾಡದೆ ಹತ್ತು ಹೆಜ್ಜೆ ಆಚೆಗೆ ಒಯ್ದು ಚಾಲೂ ಮಾಡಬೇಕು.

ಪೈಪನ್ನು ಬಾಯಿಂದ ಎಳೆದು ಇಂಧನ ಇಳಿಸುವ ರೂಢಿಯನ್ನು ಪೂರ್ತಿ ಬಿಡಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಮಾರಕವಾದ ಉರಿಯೂತ ಉಂಟಾಗುತ್ತದೆ. ಕೈಯಿಂದ ಒತ್ತುವ ಸಣ್ಣ ಪಂಪು ಅಗ್ಗದ ಬೆಲೆಗೆ ದೊರೆಯುತ್ತದೆ.

2025ರ ವೇಳೆಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20 ರಷ್ಟು ಎಥೆನಾಲ್ ಬೆರೆಸುವ ಗುರಿ ಈಡೇರಿತು. ನಮ್ಮ ಕಬ್ಬು ಬೆಳೆಗಾರರಿಗೂ ಇದಕ್ಕೂ ನೇರ ಸಂಬಂಧವಿದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಕೂಡಿ ತಳಕ್ಕೆ ಇಳಿದು ಎಂಜಿನ್ ಕೆಡುತ್ತದೆ. ಆದುದರಿಂದ ಇಂಥ ಪೆಟ್ರೋಲನ್ನು ತಿಂಗಳುಗಟ್ಟಲೆ ಡಬ್ಬದಲ್ಲಿ ಇಟ್ಟುಕೊಳ್ಳಬಾರದು. ಆಗಿಂದಾಗ್ಗೆ ಸ್ವಲ್ಪ ಸ್ವಲ್ಪ ತಂದು ಬಳಸುವುದು ಯಂತ್ರಕ್ಕೂ ಕ್ಷೇಮ, ಮನೆಗೂ ಕ್ಷೇಮ.

ಅಪಘಾತವಾದರೆ

ಇಂಧನ ನೀರಿಗಿಂತ ಹಗುರ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕವಿದ್ದರೆ ಅದನ್ನು ಬಳಸಬೇಕು. ಇಲ್ಲವಾದರೆ ಒಣ ಮಣ್ಣು ಅಥವಾ ಮರಳನ್ನು ಎರಚಬೇಕು. ಹೊಲದಲ್ಲಿ ಮಣ್ಣಿಗೆ ಬರವಿಲ್ಲ, ಒಂದು ಸಲಿಕೆ ಜೊತೆಯಲ್ಲಿದ್ದರೆ ಸಾಕು. ಡಬ್ಬದ ಬಾಯಲ್ಲಿ ಮಾತ್ರ ಸಣ್ಣ ಉರಿ ಇದ್ದರೆ ಒದ್ದೆ ಗೋಣಿಚೀಲ ಮುಚ್ಚಿ ಆರಿಸಬಹುದು. ಉರಿಯುವ ಡಬ್ಬವನ್ನು ಕೈಯಲ್ಲಿ ಹಿಡಿದು ಓಡುವುದಾಗಲಿ, ಕಾಲಿನಿಂದ ಒದೆಯುವುದಾಗಲಿ ಕೂಡದು. ಬೆಂಕಿ ಕೈಮೀರಿದರೆ ಜನ ದೂರ ಸರಿದು 112ಕ್ಕೆ ಕರೆ ಮಾಡಬೇಕು. ಡಬ್ಬ ಹೋದರೆ ಮತ್ತೊಂದು ಕೊಳ್ಳಬಹುದು.

ಬಟ್ಟೆಗೆ ಬೆಂಕಿ ಹತ್ತಿದವನು ಓಡದೆ ನೆಲದ ಮೇಲೆ ಉರುಳಬೇಕು. ಸುಟ್ಟ ಭಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು, ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅರಿಸಿನ, ಶಾಯಿ, ಹಲ್ಲಿನ ಪೇಸ್ಟ್ ಹಚ್ಚಬಾರದು. ಬಟ್ಟೆಗೆ ಬರೀ ಪೆಟ್ರೋಲ್ ಚೆಲ್ಲಿದ್ದರೆ ಒಲೆಯ ಹತ್ತಿರ ಸುಳಿಯದೆ, ನೀರು ಸುರಿದುಕೊಂಡು ಬಟ್ಟೆ ಬದಲಿಸಬೇಕು. ಇಂಧನ ಕುಡಿದವರಿಗೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ ತಡವಿಲ್ಲದೆ ವೈದ್ಯರಲ್ಲಿಗೆ ಒಯ್ಯಬೇಕು.

ಗ್ರಾಮಸೇವಕರು ಮತ್ತು ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣಗಳ ಪ್ರಾತ್ಯಕ್ಷಿಕೆ ನಡೆಸುವಾಗ ಯಂತ್ರದ ಬಳಕೆಯ ಜೊತೆಗೆ ಇಂಧನ ತುಂಬಿಸುವ ಕ್ರಮವನ್ನೂ ಮಾಡಿ ತೋರಿಸಬೇಕು. ರೈತ ಬಾಂಧವರು ಮನೆಯ ಹುಡುಗರಿಗೆ ಡಬ್ಬವನ್ನು ಕೈಗೆ ಕೊಡುವ ಮುನ್ನ ಮೂರು ಮಾತು ಹೇಳಿಕೊಟ್ಟರೆ ಸಾಕು. ಬೇಕಾದಷ್ಟನ್ನು ಮಾತ್ರ ತರಬೇಕು. ಡಬ್ಬವನ್ನು ನೆಲದ ಮೇಲಿಟ್ಟೇ ತುಂಬಿಸಬೇಕು. ಖಾಲಿಯಾದ ಡಬ್ಬಕ್ಕೂ ಮುಚ್ಚಳ ಬಿಗಿದಿರಬೇಕು.